‘ಹೋಯ್ತು’ ಎಂದು ನಾನು ಹೇಳಿದ ಮೇಲ್

ಮೇಲ್ ಹೋಗದಿದ್ದರೆ ಮೊದಲು ಏನೇನು ನೋಡಬೇಕು, ಒಂದು ಹಾಳೆಯಲ್ಲಿ ಬರೆದುಕೊಡಿ ಎಂದು ನಾನು ಕೂತಿದ್ದ ಕುರ್ಚಿಗೆ ಈಗ ಬಂದಿರುವವರು ಕೇಳಿದರು. ಬರೆದುಕೊಟ್ಟೆ. ಇಂಟರ್ನೆಟ್ ಇದೆಯೋ ನೋಡಿ, ವಿಳಾಸ ಸರಿಯಿದೆಯೋ ನೋಡಿ, ಪಾಸ್‌ವರ್ಡ್ ಬದಲಾಗಿದೆಯೋ ನೋಡಿ, ಜೊತೆಗೆ ಹಚ್ಚಿದ ಕಾಗದಗಳು ಭಾರವಾಗಿವೆಯೋ ನೋಡಿ, ಮೇಲ್ ಪೆಟ್ಟಿಗೆ ತುಂಬಿದೆಯೋ ನೋಡಿ. ಅರ್ಧ ಹಾಳೆಯೂ ತುಂಬಲಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಸಂಬಳ ತಿಂದವನ ವಿದ್ಯೆ ಇಷ್ಟೇನಾ ಎಂದು ನನಗೇ ಹೇಸಿಗೆಯಾಯಿತು. ಅದಕ್ಕಿಂತ ಹೆಚ್ಚಿನ ಹೇಸಿಗೆ ಇನ್ನೊಂದಿತ್ತು. ಆ ಹಾಳೆಯಲ್ಲಿ ಬರೆಯದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಓದಿದವರು ಬೈದುಕೊಂಡರೆ ಬೈದುಕೊಳ್ಳಲಿ, ಅಡ್ಡಿಯಿಲ್ಲ.

ನಾನು ಅಂಕೋಲೆ ತಾಲೂಕಿನ ಅಗಸೂರಿನವನು. ಗದ್ದೆ ಕೆಲಸದ ಮನೆ ನಮ್ಮದು. ಟೈಪಿಂಗ್ ಕಲಿತಿದ್ದೇನೆ ಎಂಬ ಒಂದೇ ಕಾರಣಕ್ಕೆ ಕಾರವಾರದ ಬೈತಖೋಲದಲ್ಲಿ, ಬಂದರಿಗೆ ಹತ್ತಿರವೇ ಇದ್ದ ಒಂದು ಮೀನುಗಾರರ ಸಂಘದ ಕಚೇರಿಯಲ್ಲಿ ಗುಮಾಸ್ತಿಕೆ ಸಿಕ್ಕಿತು. ದಿನಾ ಬೆಳಿಗ್ಗೆ ಅಂಕೋಲೆಯಿಂದ ಬಸ್ಸು, ಸಂಜೆ ಮತ್ತೆ ಬಸ್ಸು. ಮೊದಲ ತಿಂಗಳು ಮೀನಿನ ವಾಸನೆಗೆ ನನಗೆ ಊಟ ಸೇರುತ್ತಿರಲಿಲ್ಲ. ಎರಡನೆಯ ತಿಂಗಳಿನಿಂದ ಬಸ್ಸಿನಲ್ಲಿ ನನ್ನ ಪಕ್ಕ ಕೂತವರು ಎದ್ದು ಬೇರೆ ಸೀಟಿಗೆ ಹೋಗತೊಡಗಿದರು.

ಕಚೇರಿಗೆ ಕಂಪ್ಯೂಟರ್ ಬಂದಾಗ ನನ್ನನ್ನು ಮೂರು ದಿನದ ತರಬೇತಿಗೆ ಕಳಿಸಿದರು. ಮೊದಲ ದಿನ ಇಲಿ ಹಿಡಿಯುವುದರಲ್ಲೇ ಹೋಯಿತು, ಅಂದರೆ ಮೌಸ್. ಎರಡನೆಯ ದಿನ ಕರೆಂಟು ಇರಲಿಲ್ಲ. ಮೂರನೆಯ ದಿನ ಪ್ರಮಾಣಪತ್ರ ಕೊಟ್ಟರು. ಮರುದಿನದಿಂದ ಕಚೇರಿಯಲ್ಲಿ ನಾನೇ ಪಂಡಿತ. ಮೇಲ್ ಹೋಗಲಿ ಬಿಡಲಿ, ಯಾರು ಬಂದು ಕೇಳಿದರೂ ಮುಖ ಗಂಭೀರ ಮಾಡಿಕೊಂಡು ‘ಸರ್ವರ್ ತೊಂದರೆ’ ಎನ್ನುವುದನ್ನು ಮಾತ್ರ ಬೇಗ ಕಲಿತೆ. ಸರ್ವರ್ ಎಂದರೆ ಏನೆಂದು ಯಾರಾದರೂ ಕೇಳಿದ್ದರೆ ನನ್ನ ಬಂಡವಾಳ ಅವತ್ತೇ ಬಯಲಾಗುತ್ತಿತ್ತು. ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ಆಗ ಫೋನಿನ ತಂತಿಯಲ್ಲೇ ಇಂಟರ್ನೆಟ್ ಬರುತ್ತಿತ್ತು. ಒಂದು ವಿಚಿತ್ರ ತೊಂದರೆ ಸುರುವಾಯಿತು. ಬೆಳಿಗ್ಗೆ ಹನ್ನೊಂದರವರೆಗೆ ಮೇಲ್ ಸಲೀಸಾಗಿ ಹೋಗುತ್ತಿತ್ತು, ಆಮೇಲೆ ಒಂದು ತಾಸು ಜಪ್ಪಯ್ಯ ಎಂದರೂ ಹೋಗುತ್ತಿರಲಿಲ್ಲ. ನಾನು ಫೋನಿನವರಿಗೆ ದೂರು ಕೊಟ್ಟೆ. ಅವರು ಬಂದು ತಂತಿ ಬದಲಿಸಿದರು. ಮತ್ತೆ ದೂರು ಕೊಟ್ಟೆ, ಮೋಡೆಮ್ ಬದಲಿಸಿದರು. ಮೂರನೆಯ ಸಲ ಬಂದವನು ನನ್ನನ್ನೇ ಬದಲಿಸಬೇಕು ಎಂಬಂತೆ ನೋಡಿ ಹೋದ. ಕೊನೆಗೆ ಕಂಡುಹಿಡಿದವಳು ಕಚೇರಿ ಕಸ ಗುಡಿಸುತ್ತಿದ್ದ ಹೆಂಗಸು. ಪಕ್ಕದ ಐಸ್ ಪ್ಲಾಂಟಿನ ದೊಡ್ಡ ಮೋಟಾರು ಹನ್ನೊಂದಕ್ಕೆ ಸುರುವಾಗುತ್ತದೆ, ಆಗ ನಮ್ಮ ಟ್ಯೂಬ್‌ಲೈಟೂ ಮಂಕಾಗುತ್ತದೆ, ಮಿಷಿನ್ನಿಗೂ ಹಾಗೇ ಆಗುತ್ತಿರಬೇಕಲ್ಲ ಎಂದಳು. ಹೌದು, ಅದೇ ಆಗಿತ್ತು. ಆದರೆ ಕಾರ್ಯದರ್ಶಿಗಳ ಮುಂದೆ ಹೋಗಿ ನಾನೇ ಕಂಡುಹಿಡಿದೆ ಎಂದು ಹೇಳಿದೆ. ಸಣ್ಣ ಸುಳ್ಳು, ಯಾರಿಗೂ ನಷ್ಟವಿಲ್ಲ ಎಂದುಕೊಂಡೆ. ಸುಳ್ಳಿನ ರುಚಿ ಹತ್ತಿದ್ದು ಅಲ್ಲಿಂದಲೇ ಇರಬೇಕು.

ಕಾರ್ಯದರ್ಶಿಗಳ ಬಗ್ಗೆ ಹೇಳಬೇಕು. ಶಾನಭಾಗರು ಎಂದು ಹೆಸರು. ತೆಳ್ಳಗೆ, ಉದ್ದಕ್ಕೆ, ಅರ್ಧ ತೋಳಿನ ಬಿಳಿ ಅಂಗಿ. ಕಂಪ್ಯೂಟರನ್ನು ಅವರು ಒಂದು ದಿನವೂ ನಂಬಲಿಲ್ಲ. ನಾನು ಒಂದು ಮೇಲ್ ಕಳಿಸಿದರೆ ಅದು ಮುಟ್ಟಬೇಕಾದ ಕಚೇರಿಗೆ ಅವರು ಫೋನು ಹಚ್ಚುತ್ತಿದ್ದರು. ‘ನಿಮಗೊಂದು ಮೇಲ್ ಹಾಕಿದ್ದೇವೆ. ಬಂತೋ? ತೆರೆದು ನೋಡಿದಿರೋ? ಒಳಗಿನ ಕಾಗದ ಓದೂಕೆ ಬರ್ತದೋ?’ ಮೂರೂ ಪ್ರಶ್ನೆಗೆ ಉತ್ತರ ಸಿಗುವ ತನಕ ಫೋನು ಇಡುತ್ತಿರಲಿಲ್ಲ. ಫೋನು ಮಾಡುವುದೇ ಆದರೆ ಮೇಲ್ ಯಾಕೆ ಹಾಕಬೇಕು ಎಂದು ನಾವು ಗುಮಾಸ್ತರೆಲ್ಲ ಅವರ ಬೆನ್ನ ಹಿಂದೆ ನಗುತ್ತಿದ್ದೆವು. ನಾನಂತೂ ಅವರು ಫೋನು ಹಿಡಿಯುವ ಭಂಗಿಯನ್ನು ಅಣಕಿಸಿ ತೋರಿಸುತ್ತಿದ್ದೆ. ಅವರು ನಿವೃತ್ತರಾದ ಮೇಲೆ ಆ ಪದ್ಧತಿಯನ್ನು ನಿಲ್ಲಿಸಿದವನೂ ನಾನೇ.

ಇನ್ನೊಂದು ಎಡವಟ್ಟು ಹೇಳುತ್ತೇನೆ, ಮುಂದಿನದು ತಿಳಿಯಲು ಇದು ಬೇಕು. ಒಬ್ಬ ದೋಣಿ ಮಾಲೀಕ ಹೊಸ ಟ್ರಾಲರಿನ ಫೋಟೋ ಇಲಾಖೆಗೆ ಕಳಿಸಬೇಕು ಎಂದು ಬಂದ. ಹೊಸ ದೋಣಿ, ಅಭಿಮಾನ, ಫೋಟೋ ಚೆನ್ನಾಗಿ ಕಾಣಬೇಕು ಎಂದ. ನಾನು ಸ್ಕ್ಯಾನರಿನಲ್ಲಿ ಇದ್ದುದರಲ್ಲೇ ಎಲ್ಲಕ್ಕಿಂತ ದೊಡ್ಡ ಅಳತೆ ಇಟ್ಟು ಹನ್ನೆರಡು ಫೋಟೋ ಸ್ಕ್ಯಾನ್ ಮಾಡಿ ಒಂದೇ ಮೇಲ್‌ಗೆ ಹಚ್ಚಿದೆ. ಸೆಂಡ್ ಒತ್ತಿದೆ. ಪರದೆಯಿಂದ ಮೇಲ್ ಮಾಯವಾಯಿತು. ಹೋಯಿತು ಎಂದೆ. ಎರಡು ದಿನ ನಮ್ಮ ಕಚೇರಿಯಿಂದ ಯಾವ ಮೇಲೂ ಹೊರಗೆ ಹೋಗಲಿಲ್ಲ. ಆಗ ಗೊತ್ತಾಯಿತು: ಸೆಂಡ್ ಒತ್ತಿದೊಡನೆ ಮೇಲ್ ಹೋಗುವುದಿಲ್ಲ, ಔಟ್‌ಬಾಕ್ಸ್ ಎಂಬಲ್ಲಿಗೆ ಹೋಗಿ ಸಾಲಿನಲ್ಲಿ ಕೂರುತ್ತದೆ. ಅಲ್ಲಿಂದ ಹೊರಬಿದ್ದ ಮೇಲೆ ಸೆಂಟ್ ಎಂಬಲ್ಲಿ ಕಾಣುತ್ತದೆ. ಮುಂದಿದ್ದದ್ದು ಭಾರವಾಗಿದ್ದರೆ ಬಂದರಿನ ಬಾಯಲ್ಲಿ ಕೆಟ್ಟು ನಿಂತ ದೋಣಿಯ ಹಾಗೆ ಹಿಂದಿನವೆಲ್ಲ ನಿಲ್ಲಬೇಕು. ಹೊರಬಿದ್ದರೂ ಆ ಕಡೆಯವರ ಪೆಟ್ಟಿಗೆಗೆ ಅಷ್ಟು ಭಾರ ಹಿಡಿಸದಿದ್ದರೆ ವಾಪಸು ಬರುತ್ತದೆ, ಮುಟ್ಟಲಿಲ್ಲ ಎಂಬ ಇಂಗ್ಲಿಷ್ ಸೂಚನೆಯೊಡನೆ. ಇಷ್ಟೆಲ್ಲ ತಿಳಿದುಕೊಂಡೆ. ತಿಳಿದುಕೊಂಡ ಮೇಲೂ ತಪ್ಪು ಮಾಡಿದೆ ಎಂಬುದೇ ನನ್ನ ಕಥೆ.

ವರ್ಷಗಳು ಹೋದಂತೆ ಯಾವ ಅರ್ಜಿ ತುಂಬಿದರೂ ಇ-ಮೇಲ್ ವಿಳಾಸ ಬರೆಯಿರಿ ಎಂಬ ಕಾಲ ಬಂತು. ಡೀಸೆಲ್ ಸಹಾಯಧನಕ್ಕೆ, ದೋಣಿ ಲೈಸೆನ್ಸಿಗೆ, ಮಕ್ಕಳ ಸ್ಕಾಲರ್‌ಶಿಪ್ಪಿಗೆ, ಕಾಲೇಜಿಗೆ. ಬೈತಖೋಲದ ಕೇರಿಯಲ್ಲಿ ಯಾರಿಗೆ ಇತ್ತು ಇ-ಮೇಲು? ಬಲೆಗೆ ಹೋಗುವ ಗಂಡಸರಿಗಿಲ್ಲ, ಬುಟ್ಟಿ ಹೊತ್ತು ಪೇಟೆಗೆ ಹೋಗುವ ಹೆಂಗಸರಿಗಿಲ್ಲ. ಒಬ್ಬೊಬ್ಬರಿಗೂ ಒಂದೊಂದು ವಿಳಾಸ ಮಾಡಿ, ಪಾಸ್‌ವರ್ಡ್ ಬರೆದುಕೊಟ್ಟು, ಅದನ್ನು ಅವರು ಕಳಕೊಂಡು ಮತ್ತೆ ಬಂದು, ಅಷ್ಟೆಲ್ಲ ರಗಳೆ ಯಾರಿಗೆ ಬೇಕು ಎಂದು ನಾನು ಎಲ್ಲರ ಅರ್ಜಿಯಲ್ಲೂ ಸಂಘದ ವಿಳಾಸವನ್ನೇ ಬರೆದೆ. ಎಲ್ಲರಿಗೂ ಬರುವ ಉತ್ತರ ಒಂದೇ ಪೆಟ್ಟಿಗೆಗೆ ಬರುತ್ತಿತ್ತು. ಅದನ್ನು ತೆರೆಯುವವನು ನಾನೊಬ್ಬನೇ. ಜನ ನನ್ನ ಅಡ್ಡಹೆಸರು ಹಚ್ಚಿ ಅದಕ್ಕೆ ‘ನಾಯ್ಕರ ಮೇಲ್’ ಎಂದೇ ಹೆಸರಿಟ್ಟರು. ಮಧ್ಯಾಹ್ನ ಪೇಟೆ ಮುಗಿಸಿ ಬರುವ ಹೆಂಗಸರು ಕಿಟಕಿಯ ಹತ್ತಿರ ನಿಂತು, ನಮ್ದು ಎಂಥಾದ್ರೂ ಬಂದದ್ಯಾ ನಾಯ್ಕರೇ ಎಂದು ಕೇಳುತ್ತಿದ್ದರು. ನನಗೆ ಅದೊಂದು ದೊಡ್ಡಸ್ತಿಕೆ. ಈಗಲೂ ಎಷ್ಟೋ ಕಡೆ ಅರ್ಜಿ ತುಂಬಿಕೊಡುವವರು ಹೀಗೇ ಮಾಡುತ್ತಾರೆ, ತಮ್ಮದೇ ಮೇಲ್, ತಮ್ಮದೇ ಫೋನ್ ನಂಬರ್ ಹಾಕುತ್ತಾರೆ. ದಯವಿಟ್ಟು ಮಾಡಬೇಡಿ. ಯಾಕೆ ಎಂಬುದನ್ನು ಈಗ ಹೇಳುತ್ತೇನೆ.

ಗುಲಾಬಿ ಎಂಬ ಹೆಂಗಸು ಬೈತಖೋಲದವಳು. ಹರಾಜಿನಲ್ಲಿ ಮೀನು ಕೊಂಡು ಕಾರವಾರ ಪೇಟೆಯಲ್ಲಿ ಕೂತು ಮಾರುತ್ತಿದ್ದಳು. ಗಂಡ ಪಾಂಡುರಂಗ ಟ್ರಾಲರಿನಲ್ಲಿ ಇಂಜಿನ್ ನೋಡಿಕೊಳ್ಳುವವನು, ವಾರದಲ್ಲಿ ಐದು ದಿನ ಸಮುದ್ರದಲ್ಲೇ. ಹಿರಿಯ ಮಗಳು ಸುಲಕ್ಷಾ, ಅವಳ ಕೆಳಗೊಬ್ಬ ತಮ್ಮ. ಸುಲಕ್ಷಾ ಹನ್ನೆರಡನೆಯ ತರಗತಿಯಲ್ಲಿ ಒಳ್ಳೆಯ ಅಂಕ ತೆಗೆದು ಮಂಗಳೂರು ಕಡೆಯ ಒಂದು ಆಸ್ಪತ್ರೆಯ ನರ್ಸಿಂಗ್ ತರಬೇತಿಗೆ ಅರ್ಜಿ ಹಾಕಿದ್ದಳು. ಅರ್ಜಿ ತುಂಬಿದವನು ನಾನು. ಅವಳಿಗೆ ಮೊದಲ ಪಟ್ಟಿಯಲ್ಲಿ ಸಿಗಲಿಲ್ಲ. ಆಮೇಲೆ ಒಂದು ಶುಕ್ರವಾರ ಆಸ್ಪತ್ರೆಯವರು ಪಕ್ಕದ ಮನೆಯ ಫೋನಿಗೆ ಕರೆ ಮಾಡಿದರು. ಒಂದು ಸೀಟು ತೆರವಾಗಿದೆ, ಒಪ್ಪಿಗೆ ಪತ್ರ ಮತ್ತು ಎಲ್ಲ ಪ್ರಮಾಣಪತ್ರ ಸೋಮವಾರ ಬೆಳಿಗ್ಗೆ ಹತ್ತರೊಳಗೆ ಮೇಲ್ ಮಾಡಿ, ಇಲ್ಲವೇ ತಂದು ಕೊಡಿ, ತಪ್ಪಿದರೆ ಮುಂದಿನವರಿಗೆ ಕೊಡುತ್ತೇವೆ ಎಂದರು. ಕಳಿಸಬೇಕಾದ ವಿಳಾಸವನ್ನು ಹುಡುಗಿ ಫೋನಿನಲ್ಲಿ ಕೇಳಿ ಒಂದು ಚೀಟಿಯಲ್ಲಿ ಬರೆದುಕೊಂಡಳು, ಅವರಿಗೆ ಓದಿಯೂ ಹೇಳಿದಳಂತೆ. ಓಡುತ್ತಲೇ ನನ್ನ ಹತ್ತಿರ ಬಂದಳು. ಹಿಂದೆ ಬುಟ್ಟಿಯೊಡನೆ ಗುಲಾಬಿಯೂ ಬಂದಳು.

ಸಂಜೆ ಐದು ದಾಟಿತ್ತು. ನನಗೆ ಬಸ್ಸಿನ ಅವಸರ. ಒಂಬತ್ತು ಕಾಗದ ಸ್ಕ್ಯಾನ್ ಮಾಡಿದೆ. ಸ್ಕ್ಯಾನರಿನ ಅಳತೆ ದೊಡ್ಡದರಲ್ಲೇ ಇತ್ತು, ಬದಲಿಸುವ ತಾಳ್ಮೆ ಇರಲಿಲ್ಲ. ಎಲ್ಲವನ್ನೂ ಒಂದೇ ಮೇಲ್‌ಗೆ ಹಚ್ಚಿ ಸೆಂಡ್ ಒತ್ತಿದೆ. ಒಂದೆರಡು ನಿಮಿಷಕ್ಕೆ ಸೆಂಟ್‌ನಲ್ಲಿ ಕಂಡಿತು. ಹೋಯ್ತಾ ಎಂದು ಸುಲಕ್ಷಾ ಕೇಳಿದಳು. ಹೋಯ್ತು, ಇನ್ನು ಆರಾಮಾಗಿ ಬಟ್ಟೆ ಕಟ್ಟು ಎಂದೆ. ಗುಲಾಬಿಯ ಕಣ್ಣಲ್ಲಿ ನೀರು ಬಂತು. ಅವಳ ಕುಟುಂಬದಲ್ಲಿ ಸಂಬಳದ ಕೆಲಸಕ್ಕೆ ಹೋಗುವ ಮೊದಲ ಹೆಂಗಸು ಇವಳೇ ಆಗಬೇಕಿತ್ತು.

ಶನಿವಾರ ಅರ್ಧ ದಿನದ ಕಚೇರಿ. ಬೆಳಿಗ್ಗೆ ಪೆಟ್ಟಿಗೆ ತೆರೆದರೆ ಸುಲಕ್ಷಾಳ ಮೇಲ್ ವಾಪಸು ಬಂದಿತ್ತು. ಭಾರ ಹೆಚ್ಚಾಯಿತು, ಆ ಕಡೆಯ ಪೆಟ್ಟಿಗೆ ತೆಗೆದುಕೊಳ್ಳಲಿಲ್ಲ ಎಂದು ಸೂಚನೆ ಸ್ಪಷ್ಟವಾಗಿತ್ತು. ಅಂಥ ಸೂಚನೆಗಳನ್ನು ಓದದೆ ಅಳಿಸುವ ಕೆಟ್ಟ ಚಾಳಿ ನನಗಿತ್ತು, ಆದರೆ ಅವತ್ತು ಓದಿದೆ. ಓದಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ.

ಆಗ ಮಾಡಬೇಕಾದದ್ದು ಬಹಳ ಸುಲಭವಿತ್ತು. ಗುಲಾಬಿಯ ಮನೆ ಕಚೇರಿಯಿಂದ ಐದು ನಿಮಿಷದ ದಾರಿ. ಹೋಗಿ ಹೇಳಿದ್ದರೆ ಹುಡುಗಿ ಕಾಗದ ತರುತ್ತಿದ್ದಳು, ಸಣ್ಣ ಅಳತೆಯಲ್ಲಿ ಮತ್ತೆ ಸ್ಕ್ಯಾನ್ ಮಾಡಬಹುದಿತ್ತು. ಅದೂ ಆಗದಿದ್ದರೆ ಭಾನುವಾರ ಪೂರ್ತಿ ಇತ್ತು. ಕಾರವಾರದಿಂದ ಮಂಗಳೂರಿಗೆ ರೈಲಿದೆ, ಬಸ್ಸಿದೆ, ಕೈಯಲ್ಲೇ ಒಯ್ದು ಕೊಡಬಹುದಿತ್ತು. ನಾನು ಹೇಳಲಿಲ್ಲ. ಮುಟ್ಟಿತೋ ಎಂದು ನೋಡದೆ ‘ಹೋಯ್ತು’ ಎಂದಿರಲ್ಲ ಎಂದು ಅವರು ಕೇಳುತ್ತಾರಲ್ಲ, ಆ ಒಂದು ಮಾತಿಗೆ ಹೆದರಿದೆ. ಅಷ್ಟು ಹೊತ್ತಿಗೆ ಗುಲಾಬಿ ಮೀನು ಪೇಟೆಯಲ್ಲೆಲ್ಲ ನಾಯ್ಕರು ನಮ್ಮ ಹುಡುಗಿಯ ಕೆಲಸ ಮಾಡಿಕೊಟ್ಟರು ಎಂದು ಹೇಳಿಕೊಂಡು ಬಂದಿದ್ದಳು. ಯಾರಿಗೂ ತಿಳಿಯದ ಹಾಗೆ ಸರಿಮಾಡಿಬಿಡುವ ಎಂದುಕೊಂಡೆ. ಹಳೆಯ ಸ್ಕ್ಯಾನುಗಳನ್ನೇ ಒಂದೊಂದಾಗಿ ಬಿಡಿಸಿ ಒಂಬತ್ತು ಮೇಲ್ ಮಾಡಿ ಕಳಿಸಿದೆ. ಮಧ್ಯಾಹ್ನ ಒಂದು ಗಂಟೆಯಾಯಿತು, ಕಚೇರಿ ಮುಚ್ಚುವ ಹೊತ್ತು. ಒಂಬತ್ತೂ ಔಟ್‌ಬಾಕ್ಸಿನ ಸಾಲಿನಲ್ಲಿ ಕೂತವು, ಅವಾಗಿ ಹೋಗುತ್ತವೆ ಎಂದು ನಾನು ಕಂಪ್ಯೂಟರ್ ಬಂದ್ ಮಾಡಿ ಬಸ್ಸು ಹತ್ತಿದೆ. ಕಂಪ್ಯೂಟರ್ ಬಂದ್ ಮಾಡಿದರೆ ಔಟ್‌ಬಾಕ್ಸಿನಲ್ಲಿ ಇದ್ದದ್ದು ಅಲ್ಲೇ ಉಳಿಯುತ್ತದೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಕೈಗೆ ಬರಲಿಲ್ಲ.

ಸೋಮವಾರ ನಮ್ಮ ಕಚೇರಿ ತೆರೆಯುವುದೇ ಹತ್ತಕ್ಕೆ. ಕಂಪ್ಯೂಟರ್ ಸುರುವಾದೊಡನೆ ನನ್ನ ಕಣ್ಣೆದುರೇ ಒಂಬತ್ತು ಮೇಲ್‌ಗಳು ಒಂದರ ಹಿಂದೊಂದು ಹೊರಟವು. ಗಡಿಯಾರದಲ್ಲಿ ಹತ್ತೂ ಇಪ್ಪತ್ತು. ಅರ್ಧ ಗಂಟೆಯಲ್ಲಿ ಉತ್ತರ ಬಂತು. ಸಮಯ ಮುಗಿದ ಮೇಲೆ ಬಂದಿವೆ, ಸೀಟನ್ನು ಮುಂದಿನವರಿಗೆ ಕೊಟ್ಟಾಗಿದೆ, ವಿಷಾದವಿದೆ ಎಂದು ಬರೆದಿದ್ದರು. ಶಾನಭಾಗರ ಹಾಗೆ ಶುಕ್ರವಾರವೇ ಒಂದು ಫೋನು ಮಾಡಿ ‘ಬಂತೋ’ ಎಂದು ಕೇಳಿದ್ದರೆ ಇಷ್ಟೂ ಆಗುತ್ತಿರಲಿಲ್ಲ.

ಆ ಉತ್ತರವನ್ನು ನಾನು ಅಳಿಸಿದೆ. ನನ್ನ ಒಂಬತ್ತು ಮೇಲ್‌ಗಳನ್ನೂ, ಶನಿವಾರದ ಸೂಚನೆಯನ್ನೂ ಅಳಿಸಿದೆ. ಪೆಟ್ಟಿಗೆಯ ಕೀಲಿ ನನ್ನೊಬ್ಬನ ಹತ್ತಿರವೇ ಇತ್ತಲ್ಲ. ಸುಲಕ್ಷಾಳಿಗೆ ಅವಳದೇ ವಿಳಾಸವಿದ್ದಿದ್ದರೆ ಆ ಮೂರನ್ನೂ ಅವಳೇ ನೋಡುತ್ತಿದ್ದಳು.

ಮಂಗಳವಾರ ತಾಯಿ ಮಗಳು ಇಬ್ಬರೂ ಬಂದರು. ಆಸ್ಪತ್ರೆಗೆ ಫೋನು ಮಾಡಿದ್ದರಂತೆ. ಸಮಯಕ್ಕೆ ಮೇಲ್ ಬರಲಿಲ್ಲ, ಸೀಟು ಹೋಯಿತು ಎಂದಷ್ಟೇ ಹೇಳಿದರಂತೆ. ಕಚೇರಿಯಲ್ಲಿ ನಾಲ್ಕೈದು ಜನ ಇದ್ದರು. ಎಲ್ಲರೂ ನನ್ನ ಮುಖ ನೋಡಿದರು. ಮೇಲ್ ಹೋಗದಿದ್ದರೆ ನಾವು ಕೇಳುವ ಮೊದಲ ಪ್ರಶ್ನೆ ಒಂದಿದೆ. ಅದನ್ನೇ ಕೇಳಿದೆ.

‘ವಿಳಾಸ ಸಮ ಬರಕೊಂಡಿದ್ಯಾ ನೀನು?’

ಸುಲಕ್ಷಾ ಚೀಟಿ ತೆಗೆದು ತೋರಿಸಿದಳು. ಅಕ್ಷರ ಮುತ್ತಿನ ಹಾಗಿತ್ತು. ನಾನು ಅದನ್ನು ಬೆಳಕಿಗೆ ಹಿಡಿದು, ತಲೆ ಆಡಿಸಿ, ಫೋನಿನಲ್ಲಿ ಕೇಳಿ ಬರೆದದ್ದು ಅಲ್ಲವಾ, ಎಲ್ಲೋ ಒಂದು ಕಡೆ ತಪ್ಪಿರಬೇಕು, ಬೇರೆ ಯಾರಿಗೋ ಹೋಗಿರಬೇಕು ಎಂದೆ. ನಾನು ಅಷ್ಟೇ ಹೇಳಿದ್ದು. ಅಷ್ಟು ಸಾಕಾಯಿತು. ಗುಲಾಬಿ ಮಗಳಿಗೆ ಮೊದಲು ಕೊಂಕಣಿಯಲ್ಲಿ ಬೈದಳು, ಆಮೇಲೆ ನಮಗೆಲ್ಲ ತಿಳಿಯಲಿ ಎಂದು ಕನ್ನಡದಲ್ಲೂ ಬೈದಳು.

‘ಇಷ್ಟು ಓದ್ಸಿದ್ದು ಎಂತಕ್ಕೆ? ಒಂದು ಚೀಟಿ ಸಮ ಬರಿಯೂಕೆ ಬರೂದಿಲ್ಲ ನಿಂಗೆ.’

ಹುಡುಗಿ ಎದುರು ಮಾತಾಡಲಿಲ್ಲ. ಚೀಟಿಯನ್ನು ಮಡಿಸಿ, ಬಿಡಿಸಿ, ನೋಡಿ, ಮತ್ತೆ ಮಡಿಸಿದಳು. ಅವಳಿಗೂ ಅನುಮಾನ ಹತ್ತಿತ್ತು ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ನಾನು ದೊಡ್ಡ ಮನುಷ್ಯನ ಹಾಗೆ ನಡುವೆ ಬಾಯಿ ಹಾಕಿ, ಹೋಗಲಿ ಬಿಡು ಗುಲಾಬಿ, ಸಣ್ಣವರು, ತಪ್ಪಾಗುತ್ತದೆ ಎಂದು ಸಮಾಧಾನ ಹೇಳಿದೆ. ಆ ಹುಡುಗಿಗೆ ನಾನು ಹೊಡೆದಿದ್ದರೂ ಅಷ್ಟು ಕೆಟ್ಟದಾಗುತ್ತಿರಲಿಲ್ಲ.

ಎರಡು ದಿನ ಬಿಟ್ಟು ಗುಲಾಬಿ ನನಗೆ ಒಂದು ಒಳ್ಳೆಯ ಇಸ್ವಣ ಮೀನು ಕೊಟ್ಟಳು. ನೀವು ಪಾಪ ಹೊತ್ತಲ್ಲದ ಹೊತ್ತಲ್ಲಿ ಕೂತು ಮಾಡಿಕೊಟ್ಟಿರಿ, ಇವಳು ಕೆಡಿಸಿದಳು ಎಂದಳು. ಬೇಡ ಎನ್ನಲಿಲ್ಲ. ಮನೆಗೆ ಒಯ್ದೆ, ಹೆಂಡತಿ ಹುರಿದಳು, ತಿಂದೆ. ರುಚಿಯಾಗಿಯೇ ಇತ್ತು. ಪಶ್ಚಾತ್ತಾಪಕ್ಕೆ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಅದೂ ಇನ್ನೊಂದು ಸುಳ್ಳಾಗುತ್ತದೆ.

ಮರುವರ್ಷ ಸುಲಕ್ಷಾಳನ್ನು ಕರೆದು ಮತ್ತೆ ಅರ್ಜಿ ಹಾಕು, ನಾನೇ ಮುಂದೆ ನಿಂತು ಕಳಿಸುತ್ತೇನೆ ಎಂದೆ. ಬೇಡ ಸರ್, ನಾನು ಮತ್ತೆಲ್ಲಾದರೂ ತಪ್ಪು ಮಾಡುತ್ತೇನೆ ಎಂದಳು. ಅದರ ಮುಂದಿನ ವರ್ಷ ಅವಳಿಗೆ ಮದುವೆಯಾಯಿತು ಎಂದು ಕೇಳಿದೆ. ಊಟಕ್ಕೆ ಕರೆದಿದ್ದರು. ನಾನು ಹೋಗಲಿಲ್ಲ.

ಆಮೇಲೆ ನನ್ನ ಕೆಲಸದ ರೀತಿ ಬದಲಾಯಿತು. ಔಟ್‌ಬಾಕ್ಸ್ ಖಾಲಿಯಾಗದೆ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಸೂಚನೆಗಳನ್ನು ಒಂದೊಂದಾಗಿ ಓದುತ್ತಿದ್ದೆ. ಕಳಿಸಿದ ಮೇಲೆ ಫೋನು ಮಾಡಿ, ಬಂತೋ, ತೆರೆದಿರೋ, ಓದಲು ಬರುತ್ತದೋ ಎಂದು ಕೇಳುತ್ತಿದ್ದೆ. ಹೊಸ ಗುಮಾಸ್ತರು ನನ್ನ ಬೆನ್ನ ಹಿಂದೆ ನಕ್ಕರು, ನಗಲಿ ಎಂದು ಬಿಟ್ಟೆ. ಎಲ್ಲಕ್ಕಿಂತ ದೊಡ್ಡ ಕೆಲಸವೆಂದರೆ ಮೀನುಗಾರಿಕೆ ಬಂದ್ ಇರುವ ಮಳೆಗಾಲದಲ್ಲಿ ಕೇರಿಯ ಮನೆ ಮನೆಗೆ ಹೋಗಿ ಒಬ್ಬೊಬ್ಬರಿಗೂ ಅವರವರ ಮೊಬೈಲಿನಲ್ಲೇ ಮೇಲ್ ವಿಳಾಸ ಮಾಡಿಕೊಟ್ಟದ್ದು. ಬಂದ ಮೇಲನ್ನು ಹೇಗೆ ತೆರೆಯುವುದು, ಕಳಿಸಿದ್ದು ಹೋಗಿದೆಯೋ ಇಲ್ಲವೋ ಎಂದು ಎಲ್ಲಿ ನೋಡುವುದು, ಎಲ್ಲ ಕಲಿಸಿದೆ. ಜನ ಹೊಗಳಿದರು. ನಿವೃತ್ತಿಯ ದಿನ ಶಾಲು ಹೊದಿಸಿ, ನಾಯ್ಕರು ಕಳಿಸಿದ ಮೇಲ್ ಮುಟ್ಟಲಿಲ್ಲ ಎಂಬುದೇ ಇಲ್ಲ ಎಂದು ಭಾಷಣ ಮಾಡಿದರು. ಸಭೆಯಲ್ಲಿ ಗುಲಾಬಿಯೂ ಕೂತು ಚಪ್ಪಾಳೆ ತಟ್ಟುತ್ತಿದ್ದಳು. ಅವತ್ತು ಮೈಕು ನನ್ನ ಕೈಗೇ ಬಂದಿತ್ತು. ಎಲ್ಲರಿಗೂ ವಂದನೆ ಹೇಳಿ ಕೂತೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಹೇಳದೆಯೇ ಸಾಯುತ್ತಿದ್ದೆನೋ ಏನೋ. ಹೋದ ವರ್ಷ ಅಂಕೋಲೆಯ ಬ್ಯಾಂಕಿಗೆ ಹೋಗಿದ್ದೆ. ಬಾಗಿಲ ಪಕ್ಕದ ಬೆಂಚಿನಲ್ಲಿ ಒಬ್ಬ ಹೆಂಗಸು ಅರ್ಜಿಯೊಂದನ್ನು ಹಿಡಿದು ಕೂತಿದ್ದಳು, ಪಕ್ಕದಲ್ಲಿ ಏಳೆಂಟು ವರ್ಷದ ಮಗಳು. ನನ್ನನ್ನು ನೋಡಿ ಎದ್ದು ನಿಂತಳು. ಸುಲಕ್ಷಾ. ಬೊಬ್ರುವಾಡಕ್ಕೆ ಕೊಟ್ಟಿದ್ದಾರಂತೆ, ಗಂಡ ಕೂಲಿ ಕೆಲಸಕ್ಕೆ ಹೋಗುತ್ತಾನೆ, ಇವಳು ಮನೆಯಲ್ಲೇ ಸಿಗಡಿ ಸುಲಿದು ಕೊಡುತ್ತಾಳೆ. ಮಗಳ ಹೆಸರಿನಲ್ಲಿ ಖಾತೆ ತೆರೆಯಲು ಬಂದಿದ್ದಳು. ಬಾಕಿ ಎಲ್ಲ ಮಾತಾದ ಮೇಲೆ ಅರ್ಜಿಯನ್ನು ನನ್ನ ಮುಂದೆ ಚಾಚಿದಳು.

‘ನೀವೇ ಬರೀರಿ ಸರ್. ನನ್ನ ಕೈ ಸಮ ಇಲ್ಲ, ಎಂತ ಬರೆದ್ರೂ ತಪ್ತದೆ.’

ನಾನು ಬರೆದುಕೊಟ್ಟೆ. ಹೆಸರು, ಊರು, ಹುಟ್ಟಿದ ದಿನ. ಮಗು ತಾಯಿಯ ಮುಖವನ್ನೂ ನನ್ನ ಮುಖವನ್ನೂ ನೋಡುತ್ತಿತ್ತು. ಕೆಳಗೆ ಸುಲಕ್ಷಾ ಸಹಿ ಹಾಕಿದಳು. ಅದೇ ಮುತ್ತಿನಂಥ ಅಕ್ಷರ. ಹಾಕಿದ ಮೇಲೆ, ಸರಿ ಉಂಟಾ ನೋಡಿ ಎಂದು ಎರಡು ಸಲ ಕೇಳಿದಳು. ಹಣ ಕಳಕೊಂಡವರನ್ನು, ದೋಣಿ ಕಳಕೊಂಡವರನ್ನು ಆ ಕುರ್ಚಿಯಲ್ಲಿ ಕೂತು ನಾನು ನೋಡಿದ್ದೇನೆ. ತನ್ನ ಕೈಯ ಮೇಲೆ ತನಗೇ ನಂಬಿಕೆ ಕಳಕೊಂಡವಳನ್ನು ನೋಡಿದ್ದು ಅವತ್ತೇ, ಮತ್ತು ಅದನ್ನು ಕಳೆದವನು ನಾನು.

ಬ್ಯಾಂಕಿನಲ್ಲಿ ಬಾಯಿ ಬರಲಿಲ್ಲ. ಮೂರನೆಯ ದಿನ ಹೆಂಡತಿಗೆ ಎಲ್ಲ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ, ಆ ಇಸ್ವಣ ನಾನೂ ತಿಂದೆನಲ್ಲ ಎಂದು ಒಂದು ಮಾತು ಹೇಳಿ ಎದ್ದು ಹೋದಳು. ನಾಲ್ಕನೆಯ ದಿನ ಬೆಳಿಗ್ಗೆ ಬೊಬ್ರುವಾಡಕ್ಕೆ ಹೋದೆ.

ಸುಲಕ್ಷಾ ಅಂಗಳದಲ್ಲಿ ಸಿಗಡಿ ಬುಟ್ಟಿಯ ಮುಂದೆ ಕೂತಿದ್ದಳು. ಕುರ್ಚಿ ತರಲು ಎದ್ದಳು, ಬೇಡ ಎಂದೆ. ನಿಂತುಕೊಂಡೇ ಹೇಳಿದೆ. ಶುಕ್ರವಾರದ್ದು, ಶನಿವಾರದ್ದು, ಸೋಮವಾರದ್ದು, ಅಳಿಸಿದ್ದು, ಆಮೇಲೆ ಚೀಟಿ ಹಿಡಿದು ಕೇಳಿದ್ದು. ಅವಳು ಸಿಗಡಿ ಸುಲಿಯುತ್ತಲೇ ಕೇಳಿದಳು. ಶನಿವಾರದ ಮಾತಿಗೆ ಬಂದಾಗ ಕೈ ನಿಂತಿತು. ಭಾನುವಾರ ಒಂದು ದಿನ ಪೂರ್ತಿ ಇತ್ತಲ್ಲ ಸರ್ ಎಂದಳು. ಇತ್ತು ಎಂದೆ. ಅವಳು ಮತ್ತೆ ನಾಲ್ಕು ಸಿಗಡಿ ಸುಲಿದಳು. ಕೊನೆಗೆ ಹೇಳಿದ್ದು ಸೀಟಿನ ಮಾತಲ್ಲ.

‘ಆಯಿ ಹೋಗಿ ಆರು ತಿಂಗಳಾಯ್ತು. ಸಾಯೂವರೆಗೂ ನನ್ನ ಕೈಲಿ ಒಂದು ಕಾಗದ ಬರಿಸ್ಲಿಲ್ಲ ಅವಳು. ಬರಿಯೂದೆಲ್ಲ ತಮ್ಮನ ಕೈಲೇ. ಅವಳಿದ್ದಾಗ ಬರ್ಬೇಕಿತ್ತು ನೀವು.’

ಗುಲಾಬಿ ತೀರಿಹೋದದ್ದು ನನಗೆ ಗೊತ್ತಿರಲಿಲ್ಲ. ಕ್ಷಮಿಸು ಎನ್ನಲು ಬಾಯಿ ತೆರೆದೆ. ಅವಳು ಕೈ ತೊಳೆದುಕೊಂಡು ಎದ್ದಳು. ಕ್ಷಮೆ ಗಿಮೆ ಬೇಡ, ಬಾಬಾ ಈಗ ಇಲ್ಲೇ ಇದ್ದಾನೆ, ಅವನಿಗೆ ಹೇಳಿ ಎಂದಳು. ಒಳಗೆ ಹೋಗಿ ಅಪ್ಪನನ್ನು ಕೈ ಹಿಡಿದು ಹೊರಗೆ ತಂದು ಜಗಲಿಯ ಮೇಲೆ ಕೂರಿಸಿದಳು. ಜೋರಾಗಿ ಹೇಳಬೇಕು ಸರ್, ಇಂಜಿನ್ ಶಬ್ದಕ್ಕೆ ಅವನ ಕಿವಿ ಹೋಗಿದೆ ಎಂದಳು.

ಮೊದಲ ಸಲ ಹೇಳಿದೆ. ಪಾಂಡುರಂಗ ಎಂತ ಎಂದು ಕಿವಿಗೆ ಕೈ ಕೊಟ್ಟ. ಎರಡನೆಯ ಸಲ ಸ್ವಲ್ಪ ಜೋರಾಗಿ ಹೇಳಿದೆ. ನನ್ನ ಪಿಂಚಣಿಯ ಮಾತು ಎಂದುಕೊಂಡು ತಲೆ ಆಡಿಸಿದ. ಬೇಲಿಯ ಆಚೆ ಪಕ್ಕದ ಮನೆಯ ಹೆಂಗಸರಿಬ್ಬರು ಕೆಲಸ ಬಿಟ್ಟು ನಿಂತಿದ್ದರು. ಸುಲಕ್ಷಾಳ ಮುಖ ನೋಡಿದೆ. ಅವಳು ನನ್ನನ್ನು ಬಿಡುವ ಹಾಗೆ ಕಾಣಲಿಲ್ಲ. ಮೂರನೆಯ ಸಲ ಗಂಟಲು ಹರಿಯುವ ಹಾಗೆ ಕೂಗಿದೆ.

‘ಚೀಟಿ ಸರಿ ಇತ್ತು ಪಾಂಡುರಂಗಣ್ಣ. ನಿಮ್ಮ ಮಗಳು ತಪ್ಪು ಮಾಡ್ಲಿಲ್ಲ. ತಪ್ಪು ಮಾಡಿದವ ನಾನು. ಮಾಡಿ, ಅವಳ ಮೇಲೆ ಹಾಕಿದೆ.’

ಈ ಸಲ ಅವನಿಗೆ ಕೇಳಿತು. ಬೈಯುತ್ತಾನೆ ಎಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು. ಅವನು ನನ್ನ ಕಡೆ ನೋಡಲೇ ಇಲ್ಲ. ಮಗಳ ಕಡೆ ತಿರುಗಿ, ಹಾಗಾದರೆ ಅವತ್ತು ಆಯಿ ಅಷ್ಟು ಬೈಯುವಾಗ ನನ್ನ ತಪ್ಪಲ್ಲ ಎಂದು ನೀನು ಯಾಕೆ ಹೇಳಲಿಲ್ಲ ಎಂದು ಕೊಂಕಣಿಯಲ್ಲಿ ಕೇಳಿದ. ಸುಲಕ್ಷಾ ಅವನ ಕಿವಿಯ ಹತ್ತಿರ ಬಗ್ಗಿದಳು. ಅವಳೂ ಜೋರಾಗಿಯೇ ಹೇಳಬೇಕಾಯಿತು.

‘ನಂಗೂ ಗೊತ್ತಿರ್ಲಿಲ್ಲ ಬಾಬಾ. ನನ್ನ ತಪ್ಪೇ ಅಂತ ನಾನೂ ನಂಬಿದ್ದೆ.’